ಕೆಂದನನ್ನು ಪಾಲಿಗೆ ಸಾಕಿದವರು

ಸೇಲಂನ ಶೆವ್ವಾಪೇಟೆಯ ಈ ಗಲ್ಲಿಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಇನ್ನೂ ಯಾವ ಸದ್ದೂ ಇಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಸಿದ್ದಲಕ್ಷ್ಮಮ್ಮ ಮೂಡಲಿಗೆ ಮುಖ ಮಾಡಿ ಕೂತಿದ್ದಾರೆ. ಪಕ್ಕದಲ್ಲಿ ಪೊರಕೆ, ಒದ್ದೆ ಬಟ್ಟೆ, ತಗಡಿನ ತಟ್ಟೆಯಲ್ಲಿ ಸಂಡಿಗೆಯಂತೆ ಹರವಿದ ಸಣ್ಣ ಸೆಲ್ಲುಗಳು. ಕೈಯಲ್ಲಿ ಸೋಪಿನ ಡಬ್ಬಿಗಿಂತ ತುಸು ದೊಡ್ಡದಾದ ಆಟದ ಯಂತ್ರ. ಅದರ ಪರದೆಗೆ ಸ್ವಂತ ಬೆಳಕಿಲ್ಲ. ಬಿಸಿಲು ಓರೆಯಾಗಿ ಬಿದ್ದರೆ ಮಾತ್ರ ಒಳಗಿರುವ ಪ್ರಾಣಿ ಕಣ್ಣಿಗೆ ಕಾಣುತ್ತದೆ.

"ಈ ಒತ್ತಲ್ಲಿ ಮೇಯ್ಸಿದ್ರೇ ಚೆಂದ ಸಾ. ಆಮೇಲೆ ಲೈಟಾಕಣ ಅಂದ್ರೆ ಕರೆಂಟ ನಂಬಂಗಿಲ್ಲ. ಸೆಲ್ಲು ಸತ್ತೋಗಿರ್ತವೆ, ಬಿಸ್ಲಿಗಿಟ್ರೆ ಇನ್ನೊಂದಷ್ಟೊತ್ತು ಜೀವ ಇಡ್ಕತವೆ" ಎನ್ನುತ್ತಾರೆ. ಕಣ್ಣು ಪರದೆಯಿಂದ ಏಳುವುದಿಲ್ಲ. ಹೆಬ್ಬೆರಳು ಗುಂಡಿ ಒತ್ತುತ್ತಲೇ ಇದೆ.

ನಾನು ಈ ಊರಿಗೆ ಬಂದದ್ದು ಬೆಳ್ಳಿ ಕಾಲ್ಗೆಜ್ಜೆ ಮಾಡುವವರ ಬಗ್ಗೆ ಬರೆಯಲು. ಗೆಜ್ಜೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನೂ ಬರೆದಿದ್ದೇನೆ. ವಿಡಿಯೊ ಗೇಮಿನ ಅಂಗಡಿ ಕಂಡರಂತೂ ನನಗೆ ಮೈಯೆಲ್ಲ ಉರಿಯುತ್ತದೆ, ಮಕ್ಕಳ ಓದು ಹಾಳಾಗುವುದೇ ಅಲ್ಲಿ ಎಂದು ಮನೆಯಲ್ಲಿ ಭಾಷಣ ಬಿಗಿದವನು ನಾನು. ಆದರೆ ತಮಿಳು ಬಿಟ್ಟು ಬೇರೆ ಕೇಳದ ಗಲ್ಲಿಯಲ್ಲಿ "ಬಾಲಾ ಇತ್ತಕಡೆ, ನೀರತ್ರ ಯಾಕ್ಲಾ ಓಯ್ತೀಯ" ಎಂದು ಯಾರೋ ಗದರಿದರೆ ಕಾಲು ತಾನಾಗಿ ನಿಲ್ಲುತ್ತದೆ. ಸುತ್ತಮುತ್ತ ಕುರಿಯೂ ಇಲ್ಲ, ಕರುವೂ ಇಲ್ಲ. ಗದರಿಸಿಕೊಂಡದ್ದು ಆ ಯಂತ್ರದೊಳಗಿನ ಪ್ರಾಣಿ.

ಅಂಗಡಿ ನಾಗರಾಜನ್ ಅವರದು. ಸಿಂಗಪುರದಿಂದ ಯಾರ ಕೈಯಲ್ಲೋ ತರಿಸಿದ ಈ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಆಡಲು ಬರುವವರಿಗೆ ಯಂತ್ರಕ್ಕೆ ಸಿಕ್ಕಿಸುವ ತಮ್ಮ ತಮ್ಮ ಆಟದ ಕ್ಯಾಸೆಟ್ಟು ಇರುತ್ತದೆ. ಕ್ಯಾಸೆಟ್ಟಿನೊಳಗೆ ವಿಚಿತ್ರ ಪ್ರಾಣಿಗಳು. ಕಾಡುಮೇಡು ಸುತ್ತಿಸಿ, ಕಂಡ ಕಂಡ ಪ್ರಾಣಿಗಳೊಡನೆ ಕಾದಾಡಿಸಿದಷ್ಟೂ ಅವು ಬೆಳೆಯುತ್ತವೆ. ಭಾನುವಾರ ಎರಡು ಯಂತ್ರಗಳ ನಡುವೆ ವೈರು ಹಾಕಿ ಜಗಳಕ್ಕೆ ಬಿಡುತ್ತಾರೆ. ಒಬ್ಬೊಬ್ಬರಿಗೆ ಮೂರು ಪ್ರಾಣಿ, ಮೂರೂ ಬಿದ್ದರೆ ಸೋತಂತೆ. ಶಾಲೆ ಕಾಲೇಜಿಗೆ ಹೋಗುವ ಹುಡುಗರಿಗೆ ವಾರವೆಲ್ಲ ಪ್ರಾಣಿ ಬೆಳೆಸಲು ಪುರುಸೊತ್ತೆಲ್ಲಿ? ಆ ಕೆಲಸ ಅಂಗಡಿ ಗುಡಿಸುವ ಸಿದ್ದಲಕ್ಷ್ಮಮ್ಮನವರದು. ಭಾನುವಾರ ಯಾರು ಗೆದ್ದರೂ ಸಾಕಿದ ಈ ಅಮ್ಮನ ಹೆಸರನ್ನು ಯಾರೂ ಎತ್ತುವುದಿಲ್ಲ.

ಧರ್ಮಪುರಿ ಕಡೆಯ ಮಾರಂಡಹಳ್ಳಿಯ ಹತ್ತಿರದ ಒಂದು ಕನ್ನಡದ ಹಳ್ಳಿ ಅವರದು. ಚಿಕ್ಕಂದಿನಲ್ಲಿ ಕುರಿ ಕಾದವರು. ಗಂಡ ಬಸಪ್ಪನಿಗೆ ಸೇಲಂನ ಸಬ್ಬಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಾಗ ಜೊತೆಯಲ್ಲಿ ಬಂದರು. ಬಸಪ್ಪ ಎದೆನೋವಿನಿಂದ ತೀರಿಕೊಂಡರು. ಮಗಳು ಶಶಿಕಲಾಳನ್ನು ಮೊರಪ್ಪೂರಿಗೆ ಕೊಟ್ಟಿದ್ದಾರೆ. "ಅವ್ಳ ಮಕ್ಳಿಗೆ ನಮ್ ಮಾತೇ ಬರಕಿಲ್ಲ ಸಾ, ಬರೀ ತಮಿಳು. ನಾ ಬಾಯ್ಬುಟ್ರೆ ನಗ್ತವೆ" ಎಂದು ತಾವೂ ನಗುತ್ತಾರೆ. ಮನಸಾರೆ ಕನ್ನಡ ಮಾತಾಡಲು ಅವರಿಗೆ ಉಳಿದದ್ದು ಈ ಪ್ರಾಣಿಗಳೇ.

ಓದು ಬಾರದು. ಪರದೆಯ ಇಂಗ್ಲಿಷು ಅವರಿಗೆ ಇರುವೆ ಸಾಲು. ಮೇಲಿನ ಸಾಲು ಒತ್ತಿದರೆ ಸಣ್ಣ ಬೆಂಕಿ, ಕೆಳಗಿನದು ಒತ್ತಿದರೆ ದೊಡ್ಡ ಬೆಂಕಿ, ಹೀಗೆ ಜಾಗದ ಗುರುತಿನಲ್ಲೇ ಆಡುತ್ತಾರೆ. ಒಮ್ಮೆ ಯಾರೋ ಆರಿಸದೆ ಬಿಟ್ಟು ಹೋದ ಯಂತ್ರವನ್ನು ಒರೆಸುವಾಗ ಗುಂಡಿ ಅಮುಕಿ, ಒಳಗೊಂದು ಮರಿ ಓಡಾಡುವುದನ್ನು ಕಂಡರಂತೆ. ಅಂದಿನಿಂದ ಹಿಡಿದ ಚಟ. ಹುಡುಗರು ನೋಡಿ, ನಮ್ಮದನ್ನೂ ಸಾಕಿಕೊಡು ಎಂದು ದುಂಬಾಲು ಬಿದ್ದಾಗ ಅವರು ಊರಿನ ಮಾತನ್ನೇ ಆಡಿದರು: "ಪಾಲಿಗೆ ಸಾಕ್ತೀನಿ."

ಪಾಲಿಗೆ ಸಾಕುವುದೆಂದರೆ ಆ ಕಡೆಯ ಹಳ್ಳಿಗಳಲ್ಲಿ ಹಳೆಯ ಏರ್ಪಾಡು. ಉಳ್ಳವರು ಕುರಿಯನ್ನು ಇಲ್ಲದವರ ಮನೆಗೆ ಸಾಕಲು ಬಿಡುತ್ತಾರೆ, ಹುಟ್ಟಿದ ಮರಿಗಳಲ್ಲಿ ಸಾಕಿದವರಿಗೂ ಪಾಲು. ಈ ಪ್ರಾಣಿಗಳು ಮರಿ ಹಾಕುವುದಿಲ್ಲವಲ್ಲ, ನಿಮ್ಮ ಪಾಲೇನು ಎಂದು ಕೇಳುತ್ತೇನೆ. "ಮರಿ ಯಾರಿಗ್ ಬೇಕು ಸಾ? ನಮ್ಮೂರಲ್ಲಿ ಇನ್ನೊಂದು ಕಟ್ಟಳೆ ಐತೆ. ಸಾಕ್ದೋರ್ನ ಕೇಳ್ದೆ ಒಡೇರು ಕುರೀನ ಮಾರಂಗಿಲ್ಲ, ಕೊಯ್ಯಂಗಿಲ್ಲ, ಕೊಡಂಗಿಲ್ಲ. ಅಷ್ಟೇ ನನ್ ಪಾಲು ಅಂದೆ. ಎಲ್ರೂ ಸರಿ ಸರಿ ಅಂತ ತಲೆ ಆಡಿಸುದ್ರು." ತಲೆ ಆಡಿಸಿದವರಿಗೆ ಅದು ತಮಾಷೆ. ಇವರಿಗೆ ಅದು ಮಾತು.

ಕೆಂದ ಅವರ ಕೈಗೆ ಬಂದಾಗ ಅಂಗೈಯಷ್ಟು ಮರಿ. ಒಡೆಯ ರವಿಶಂಕರ್, ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷದವನು, ಧರ್ಮಪುರಿ ಕಡೆಯ ಕನ್ನಡದ ಹುಡುಗ. ಟಗರಿನಂಥ ಕೊಂಬು, ಬೆನ್ನ ಮೇಲೆ ಉಣ್ಣೆಯ ಬದಲು ಉರಿ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿದೆ, ಇವರಿಗೆ ಮಾತ್ರ ಕೆಂದ. ಪರದೆಯಲ್ಲಿ ಎಲ್ಲವೂ ಬೂದಿ ಬಣ್ಣವಲ್ಲವೇ ಎಂದರೆ, "ಬೆಂಕಿ ಉಗುಳೋನು ಕೆಂಪಗಿರ್ದೆ ಇನ್ನೆಂಗಿರ್ತಾನೆ ಬುಡಿ" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಬೆಳೆದ ಕೆಂದನಿಗೆ ಅಂಗಡಿಯಲ್ಲಿ ಸಾಟಿ ಇರಲಿಲ್ಲ. ಆದರೆ ಅವನನ್ನು ಆಡಿಸುವುದು ಸುಲಭವಲ್ಲ. ಹೊಡೆತ ಎಷ್ಟು ದೊಡ್ಡದೋ ಮೈ ಅಷ್ಟು ಮೆತ್ತಗೆ. ಎರಡು ಏಟು ತಿಂದರೆ ಮುಗಿಯಿತು. ದೊಡ್ಡ ಬೆಂಕಿ ಬಿಟ್ಟಾಗಲೆಲ್ಲ ಅವನ ಮೈಯೂ ಸುಡುತ್ತದೆ, ಜಗಳ ಮುಗಿದ ಮೇಲೆ ಆಟದೊಳಗಿನ ಮದ್ದು ಹಾಕಿದರೆ ಮಾತ್ರ ಮಾಯುತ್ತದೆ. ನೀರಿನ ಪ್ರಾಣಿ ಎದುರಾದರಂತೂ ಕಷ್ಟ. ರವಿಶಂಕರನ ಇನ್ನೆರಡು ಪ್ರಾಣಿಗಳು ಕಲ್ಲಾಮೆ ಮತ್ತು ಬಳ್ಳಿ ಓತಿ. "ಅವನ್ನ ಮೊದ್ಲೇ ಬುಡಬಾರ್ದು. ಮುಂದೆ ಕಲ್ಲಾಮೆ ನಿಲ್ಸಿ ಏಟೆಲ್ಲ ಅದ್ಕೆ ಬೀಳಂಗ್ ಮಾಡ್ಬೇಕು. ನೀರಿನೋನು ಬಂದ್ರೆ ಬಳ್ಳಿ ಓತೀನ ಎದ್ರಿಗೆ ಇಡ್ಬೇಕು, ಅದು ನೀರಿಗ್ ಎದ್ರಕಿಲ್ಲ, ಈರ್ಕಂಡ್ ಈರ್ಕಂಡ್ ಸುಸ್ತು ಮಾಡ್ತೈತೆ. ಎಲ್ಲ ಆದ್ಮೇಲೆ ಕೆಂದ. ಬಂದ, ಒಂದೇಟು ಒಡ್ದ, ಒಳಿಕೋದ. ಅಂಗಿರ್ಬೇಕು." ಕಾಯುವುದೇ ಅವನ ಆಟ ಎಂದು ಅವರು ರವಿಶಂಕರನಿಗೆ ಹೇಳಿ ಹೇಳಿ ಸಾಕಾಗಿದ್ದರು. ವಯಸ್ಸಿನ ಹುಡುಗ, ಕೈಯಲ್ಲಿ ಬೆಂಕಿ ಇಟ್ಟುಕೊಂಡು ಕಾಯುವುದೆಂದರೆ ಅವನಿಗೆ ಪ್ರಾಣಸಂಕಟ.

ನಡೆದದ್ದು ಇದೇ 1999ರ ಆಗಸ್ಟಿನ ಒಂದು ಭಾನುವಾರ. ಬೆಳ್ಳಿ ಅಂಗಡಿಯವರ ಮಗ ರಾಜಗೋಪಾಲ್ ಓದಲು ಮದ್ರಾಸಿಗೆ ಹೊರಟಿದ್ದ. ಅವನ ನೀರಿನ ಪ್ರಾಣಿ ನೀರೆಮ್ಮೆಯನ್ನೂ ಸಾಕಿದ್ದು ಇವರೇ. ಹೋಗುವ ಮುಂಚೆ ಕೊನೆಯ ಜಗಳ ಆಗಲಿ, ಗೆದ್ದವನು ಸೋತವನ ಪ್ರಾಣಿಯನ್ನು ವೈರಿನಲ್ಲಿ ತನ್ನ ಕ್ಯಾಸೆಟ್ಟಿಗೆ ಎಳೆದುಕೊಳ್ಳಲಿ ಎಂದ ರಾಜಗೋಪಾಲ್. ಅವನ ಕಡೆಯಿಂದ ನೀರೆಮ್ಮೆ, ಈ ಕಡೆಯಿಂದ ಕೆಂದ. ನಾಲ್ಕು ಜನರ ಮುಂದೆ ಹಿಂದೇಟು ಹಾಕಲಾಗದೆ ರವಿಶಂಕರ್ ಹೂಂ ಅಂದುಬಿಟ್ಟ. ಸಿದ್ದಲಕ್ಷ್ಮಮ್ಮ ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು. ಕೊಡ ಹೊತ್ತು ಬರುವಷ್ಟರಲ್ಲಿ ಪಂದ್ಯ ಕಟ್ಟಿ ಆಗಿತ್ತು.

"ನನ್ ಕೇಳ್ದೆ ಎಂಗಪ್ಪ ಕಟ್ದೆ ಅಂದೆ. ಸಿದ್ದಕ್ಕ, ಇದು ಆಟ ಅಷ್ಟೆ ಅಂದ. ಪಾಲಿನ ಮಾತಲ್ವಾ ಅಂದೆ. ಎಲ್ರೂ ನಕ್ರು." ಹೇಳುತ್ತಾ ಸೆರಗಿನಿಂದ ಪರದೆ ಒರೆಸುತ್ತಾರೆ. ಅದರ ಮೇಲೆ ಧೂಳೇನೂ ಇಲ್ಲ. ನಾಗರಾಜನ್ ಮಾತ್ರ ನಗಲಿಲ್ಲ. "ಆ ಅಮ್ಮನ ಮುಖ ನೋಡಿ ನನಗೇ ತಡೆಯಲಾಗಲಿಲ್ಲ ಸಾರ್. ಅವರೇ ಆಡಲಿ ಅಂತ ಹೇಳಿದೆ" ಎಂದು ಅವರು ತಮಿಳಿನಲ್ಲಿ ಹೇಳುತ್ತಾರೆ. ರವಿಶಂಕರನೂ ಒಪ್ಪಿ ಯಂತ್ರವನ್ನು ಅವರ ಕೈಗಿಟ್ಟ. ಹಾಗೆ, ಇಷ್ಟು ದಿನ ಬರೀ ಮೇಯಿಸಿದ್ದ ಸಿದ್ದಲಕ್ಷ್ಮಮ್ಮ ಮೊದಲ ಸಲ ಜಗಳಕ್ಕೆ ಕೂತರು.

ಅಂಗಡಿಯಲ್ಲಿ ಉಸಿರು ಬಿಡಲೂ ಜಾಗವಿರಲಿಲ್ಲವಂತೆ. ಅವರು ಕಲ್ಲಾಮೆಯನ್ನು ಮುಂದೆ ಬಿಟ್ಟರು. ಅದು ರಾಜಗೋಪಾಲನ ಒಂದು ಪ್ರಾಣಿಯನ್ನು ಕೆಡವಿ ತಾನೂ ಬಿತ್ತು. ಓತಿ ಎರಡನೆಯದನ್ನು ಕೆಡವಿತು. ಆಗ ಅವನು ಉಳಿದಿದ್ದ ನೀರೆಮ್ಮೆಯನ್ನು ತಂದ. ಬಂದದ್ದೇ ಅದು ಮಳೆ ಕರೆಯಿತು. ಈ ಆಟದಲ್ಲಿ ಮಳೆ ಸುರಿಯುವಷ್ಟು ಹೊತ್ತು ಬೆಂಕಿಯ ಬಲ ಅರ್ಧ. ಪರದೆಯ ತುಂಬ ಗೆರೆ ಗೆರೆ ಮಳೆ. ಅವರು ಓತಿಯನ್ನೇ ನಿಲ್ಲಿಸಿದರು. ಓತಿ ಏಟು ತಿನ್ನುತ್ತ, ಎಮ್ಮೆಯ ಜೀವ ಹೀರುತ್ತ ನಿಂತಿತು. ಕೆಂದ ಹಿಂದೆ, ಮೈಗೆ ಒಂದು ಗಾಯವಿಲ್ಲದೆ ಕಾಯುತ್ತಿದ್ದ.

ಸುತ್ತ ನಿಂತವರು ಫೈರ್ ಫೈರ್ ಎಂದು ಕೂಗತೊಡಗಿದರು. ಓತಿಯ ಜೀವ ಸಣ್ಣಗಾಗುವುದು ಎಲ್ಲರಿಗೂ ಕಾಣುತ್ತಿತ್ತು. ಸಿದ್ದಲಕ್ಷ್ಮಮ್ಮನಿಗೆ ಕಂಡದ್ದು ಮಳೆ ತೆಳುವಾಗುತ್ತಿರುವುದು. "ಇರಪ್ಪ, ಮಳೆ ನಿಲ್ಲಿ ಅಂದೆ. ಇನ್ನೊಂದೇ ಸುತ್ತು. ಓತಿ ಓದ್ರೆ ಓಗ್ಲಿ, ಬಿಸ್ಲು ಬಿದ್ದೇಟ್ಗೆ ಕೆಂದನ್ನ ಬುಡ್ತಿದ್ದೆ. ಎಮ್ಮೆ ನಿಲ್ತಿರ್ಲಿಲ್ಲ ಸಾ, ಆಣೆಗೂ ನಿಲ್ತಿರ್ಲಿಲ್ಲ." ರವಿಶಂಕರನಿಂದ ಆಗಲಿಲ್ಲ. ಅವರ ಕೈಯಿಂದ ಯಂತ್ರ ಕಿತ್ತುಕೊಂಡ. ಓತಿಯನ್ನು ಒಳಗೆ ಕರೆದು, ಸುರಿಯುವ ಮಳೆಯಲ್ಲೇ ಕೆಂದನನ್ನು ಬಿಟ್ಟು, ದೊಡ್ಡ ಬೆಂಕಿ ಒತ್ತಿದ.

ಎಮ್ಮೆಗೆ ನೂಲಿನಷ್ಟು ಜೀವ ಉಳಿಯಿತು. ಕೆಂದನ ಮೈಯನ್ನು ಅವನ ಬೆಂಕಿಯೇ ಅರ್ಧ ಸುಟ್ಟಿತ್ತು. ಉಳಿದರ್ಧಕ್ಕೆ ಎಮ್ಮೆಯ ನೀರಿನ ಒಂದೇ ಏಟು ಸಾಕಾಯಿತು. ಆಮೇಲೆ ಬಡಕಲು ಓತಿ ಎಷ್ಟು ಹೊತ್ತು ನಿಂತೀತು? ಸೋತ ಮೇಲೆ ಕೆಂದನನ್ನು ವೈರಿನಲ್ಲಿ ಕಳಿಸಿದರು. ಈ ಕಡೆಯ ಪರದೆಯಿಂದ ಕೆಂದನನ್ನು ಹೊತ್ತ ಒಂದು ಉಂಡೆ ಜಾರಿ ಆ ಕಡೆಗೆ ಹೋಯಿತು. ರಾಜಗೋಪಾಲ್ ಕೆಟ್ಟ ಹುಡುಗನೇನಲ್ಲ, "ಮನ್ನಿಚ್ಚುಕ್ಕೋ ಆಯಾ" ಎಂದು ಕ್ಷಮೆ ಕೇಳಿಯೇ ಹೋದ. ಮಾರನೆಯ ವಾರ ಕ್ಯಾಸೆಟ್ಟಿನೊಂದಿಗೆ ಮದ್ರಾಸಿಗೆ ಹೊರಟುಹೋದ. ನೀರೆಮ್ಮೆಯೂ ಅದರಲ್ಲೇ ಹೋಯಿತು. ವಾರದೊಪ್ಪತ್ತಿನಲ್ಲಿ ಎರಡು ಪ್ರಾಣಿಗಳನ್ನು ಕಳೆದುಕೊಂಡವರು ಇಡೀ ಅಂಗಡಿಯಲ್ಲಿ ಸಿದ್ದಲಕ್ಷ್ಮಮ್ಮ ಒಬ್ಬರೇ.

ಇದೆಲ್ಲ ಮಕ್ಕಳ ಆಟ ಎಂದು ಓದುಗರಲ್ಲಿ ಕೆಲವರಿಗೆ ಅನಿಸಬಹುದು. ನನಗೂ ಹಾಗೇ ಅನಿಸುತ್ತಿತ್ತು. ಕಥೆ ಕೇಳಿ ಮುಗಿಸಿದ ಮೇಲೆ ಹಾಗನ್ನಲಾರೆ. ಹೆತ್ತದ್ದಲ್ಲ, ಕೊಂಡದ್ದಲ್ಲ, ಬರೀ ಸಾಕಿದ್ದು. ಸಾಕಿದವರ ದುಃಖಕ್ಕೆ ನಮ್ಮಲ್ಲಿ ಸೂತಕವಿಲ್ಲ, ಮಾತಾಡಿಸಿ ಹೋಗಲು ಯಾರೂ ಬರುವುದಿಲ್ಲ.

ರವಿಶಂಕರನನ್ನು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಅಂಗಡಿಯ ಕಡೆ ಈಗ ಹೋಗುತ್ತಿಲ್ಲವಂತೆ. "ಒಂದ್ ಸಲ ಓಗಿದ್ದೆ ಸಾರ್. ಬೇರೆ ಮರಿ ತಂದಿದ್ದೀನಿ, ಸಾಕ್ಕೊಡು ಸಿದ್ದಕ್ಕ ಅಂದೆ. ಇಸ್ಕೊಂಡ್ರು. ಬೈದಿದ್ರೆ ಚೆನ್ನಾಗಿರ್ತಿತ್ತು" ಎಂದ. ಟೌನ್ ಬಸ್ಸು ಬಂತು, ಹತ್ತಿಕೊಂಡು ಹೋದ.

ಆ ಮರಿಯನ್ನು ಸಿದ್ದಲಕ್ಷ್ಮಮ್ಮ ಈಗ ಸಾಕುತ್ತಿದ್ದಾರೆ. ಅದೂ ಬೆಂಕಿಯದೇ. ಬೆಳಿಗ್ಗೆ ನಾನು ಕೇಳಿದ ಗದರಿಕೆ ಅದಕ್ಕೆ. ಹೆಸರೇನಿಟ್ಟಿರಿ ಎಂದೆ. "ಇಲ್ಲ ಸಾ, ಎಸ್ರು ಇಟ್ಟಿಲ್ಲ. ಇಟ್ರೆ ಕಷ್ಟ." ಪಾಲಿನ ಮಾತನ್ನೂ ಈಗ ಯಾರ ಹತ್ತಿರವೂ ಎತ್ತುವುದಿಲ್ಲ. ಸುಮ್ಮನೆ ಇಸಿದುಕೊಳ್ಳುತ್ತಾರೆ, ಬೆಳೆಸುತ್ತಾರೆ, ಭಾನುವಾರ ಕೊಡುತ್ತಾರೆ. ಜಗಳ ನಡೆಯುವಾಗ ಹೊರಗೆ ಜಗಲಿಯ ಮೇಲೆ ಕೂರುತ್ತಾರೆ.

ಹೊರಡುವಾಗ ಅವರೇ ಕೂಗಿ ನಿಲ್ಲಿಸುತ್ತಾರೆ. ಪೇಪರಿನಲ್ಲಿ ಬರೆದದ್ದು ಮದ್ರಾಸಿಗೂ ಹೋಗುತ್ತದೆಯೇ ಎಂದು ಕೇಳುತ್ತಾರೆ. ನಮ್ಮದು ಕನ್ನಡ ಪೇಪರು, ರಾಜಗೋಪಾಲನಿಗೆ ಓದಲು ಬಾರದು ಎನ್ನುತ್ತೇನೆ. ಅಲ್ಲಿ ನಮ್ಮ ಜನ ಯಾರಾದರೂ ಇದ್ದಾರು, ಓದಿ ಹೇಳಿಯಾರು ಎಂದು ಅವರ ನಂಬಿಕೆ. ಕೆಂದನನ್ನು ವಾಪಸು ಕೇಳೋಣವೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. ಪಂದ್ಯದಲ್ಲಿ ಹೋದದ್ದು ಹೋಯಿತು, ಅದನ್ನು ಕೇಳಬಾರದು. ಅವರು ಹೇಳಬೇಕಾದದ್ದು ಬೇರೆ. ನಾನು ಪೆನ್ನು ತೆಗೆಯುವವರೆಗೆ ಕಾದು, ನಿಧಾನವಾಗಿ ಹೇಳುತ್ತಾರೆ:

"ಸೋತ್ ಬಿದ್ದೋನ್ಗೆ ಎಲ್ರೂ ಮದ್ದು ಆಕ್ತಾರೆ ಸಾ. ಗೆದ್ದು ನಿಂತೋನ್ನ ಯಾರೂ ತಿರುಗ್ ನೋಡಕಿಲ್ಲ. ಕೆಂದ ಗೆದ್ದಾಗ್ಲೂ ಮೈ ಸುಟ್ಕಂಡಿರ್ತಾನೆ, ಯೋಳ್ಕಣಾಕೆ ಅವನ್ಗೆ ಬಾಯಿಲ್ಲ. ಗೆದ್ದ ದಿನಾನೂ ಅವನ್ಗೆ ಮದ್ದು ಆಕ್ಬೇಕಂತೆ ಅಂತ ಬರೀರಿ."