ಪಾದದ ನಾಡಿ ಹುಡುಕಿದ ಸಿಸ್ಟರ್ ಮರಿತಾಯಮ್ಮ

ನಂಜನಗೂಡು, ತಿ. ನರಸೀಪುರ ಸೀಮೆಯ ಸಕ್ಕರೆ ಕಾಯಿಲೆಯವರನ್ನು ಮುಖಕ್ಕಿಂತ ಪಾದದಿಂದಲೇ ಗುರುತಿಸಬಲ್ಲವರು ಶ್ರೀಮತಿ ಮರಿತಾಯಮ್ಮನವರು. ಕವಲಂದೆಯಲ್ಲಿ ದಾದಿಯಾಗಿ ಸೇವೆ ಆರಂಭಿಸಿ, ೧೯೯೩ರಲ್ಲಿ ನರಸೀಪುರದ ನಮ್ಮ ಚಿಕ್ಕ ಆಸ್ಪತ್ರೆಗೆ ಬಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಹದಿನಾಲ್ಕು ವರ್ಷ ಅವರೊಡನೆ ದುಡಿದ ವೈದ್ಯನಾದ ನಾನು ಹೊಗಳಿಕೆಗೆ ಮೊದಲು ನನ್ನ ಬೇಸರವನ್ನೇ ದಾಖಲಿಸಬೇಕಾಗಿದೆ.

ಸಂತೆಯ ದಿನ ನೂರು ಜನ ಸಾಲಿನಲ್ಲಿದ್ದರೂ ಅವರು ಪ್ರತಿಯೊಬ್ಬ ಸಕ್ಕರೆ ರೋಗಿಯ ಚಪ್ಪಲಿ ಬಿಚ್ಚಿಸಿ ಪಾದದ ನಾಡಿ ಹುಡುಕುತ್ತಿದ್ದರು. ಸಾಲು ಗೊಣಗುತ್ತಿತ್ತು, ನಾನೂ ಗೊಣಗುತ್ತಿದ್ದೆ. ರೋಗಿಗಳೋ, ಹಿರಿಯ ಹೆಣ್ಣುಮಗಳಿಂದ ಕಾಲು ಮುಟ್ಟಿಸಿಕೊಂಡರೆ ಪಾಪವೆಂದು ಹಿಂದಕ್ಕೆ ಸರಿಯುತ್ತಿದ್ದರು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ರಕ್ತನಾಳದ ಒಳಪದರ ಕೆಟ್ಟು, ಕೊಬ್ಬು ಕಟ್ಟಿ, ದಾರಿ ಕಿರಿದಾಗಿ, ಪಾದದ ನಾಡಿ ಕ್ಷೀಣಿಸುತ್ತದೆ. ಕಾಲಿನಲ್ಲಿ ಆದದ್ದು ಹೃದಯದಲ್ಲೂ ಆಗಿರಬಹುದು ಎಂದು ಅವರು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರು. ಕೇಳಿದವರು ತಲೆಯಾಡಿಸಿ, ಎದುರಿನ ಹೋಟೆಲಿಗೆ ಹೋಗಿ ಸಕ್ಕರೆ ಜಾಸ್ತಿ ಹಾಕಿಸಿಕೊಂಡು ಕಾಫಿ ಕುಡಿಯುತ್ತಿದ್ದರು.

೧೯೯೮ರ ಬೇಸಿಗೆಯಲ್ಲಿ ಸಕ್ಕರೆ ಕಾಯಿಲೆಯಿದ್ದ ಬೆಲ್ಲದ ವ್ಯಾಪಾರಿ ಚಿಕ್ಕಬಸಪ್ಪನವರು ಕಾಲಿನ ಹೆಬ್ಬೆರಳಿನ ಗಾಯಕ್ಕೆ ಮುಲಾಮು ಕೇಳಿಕೊಂಡು ಬಂದರು. ಬೆಳಗಿನಿಂದ ಬಲು ಸುಸ್ತು ಎಂದೂ ಅಂದರು. ಬಿಸಿಲಿನ ಸುಸ್ತೆಂದು ಭಾವಿಸಿ ನಾನು ಚೀಟಿ ಬರೆದುಕೊಟ್ಟೆ. ಮರಿತಾಯಮ್ಮನವರು ಅವರನ್ನು ಬಾಗಿಲಲ್ಲೇ ತಡೆದು, ಪಾದದಲ್ಲಿ ನಾಡಿ ಸಿಗುತ್ತಿಲ್ಲ, ಇಸಿಜಿ ತೆಗೆಯಲೇಬೇಕು ಎಂದು ಹಟ ಹಿಡಿದರು.

“ಎದೆ ನೋವೇ ಇಲ್ಲ ಕಣವ್ವ, ಬುಟ್ಬುಡು,” ಎಂದರು ಚಿಕ್ಕಬಸಪ್ಪನವರು.

“ಗಾಯನೂ ನೋಯಾಕಿಲ್ಲ ಅಂತೀರಲ್ಲ, ಅದ್ಕೇ ನಂಗೆ ಭಯ. ಸಕ್ರೆ ನೋವ್ನೂ ತಿಂದಾಕ್ಬುಡ್ತದೆ ಕಣ್ರೀ,” ಎಂದರು ಮರಿತಾಯಮ್ಮ.

ಹೊರಗೆ ಇನ್ನೂ ಅರವತ್ತು ಜನ ಕಾಯುತ್ತಿದ್ದರು. ಸಿಟ್ಟಿನಿಂದ, ಮರಿತಾಯಮ್ಮನವರ ಬಾಯಿ ಮುಚ್ಚಿಸಲೆಂದೇ ಇಸಿಜಿ ತೆಗೆಸಿದೆ. ಹೃದಯಾಘಾತವಾಗಿತ್ತು. ಮೈಸೂರಿನವರೆಗೆ ಜೀಪಿನಲ್ಲಿ ರೋಗಿಯ ಪಕ್ಕ ಕೂತು ಹೋದವರು ಮರಿತಾಯಮ್ಮನವರೇ. ಹೆಬ್ಬೆರಳು ಹೋಯಿತು, ಜೀವ ಉಳಿಯಿತು. ಮರುದಿನ ಅವರು ನನ್ನನ್ನು ಹಂಗಿಸುವ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಚಿಕ್ಕಬಸಪ್ಪನವರು ಈಗಲೂ ಪ್ರತಿ ಸಂಕ್ರಾಂತಿಗೆ ಅವರಿಗೆ ಬೆಲ್ಲದಚ್ಚು ತರುತ್ತಾರೆ, ಅವರೆದುರೇ ತಾವೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೆಲ್ಲ ಸಕ್ಕರೆಯಲ್ಲವಲ್ಲ ಎಂಬುದು ಅವರ ವಾದ. ಇಂಥವರೊಡನೆ ಏಗಿದ ಮೇಲೂ ಮರಿತಾಯಮ್ಮನವರು ಮುಂದಿನ ತಿಂಗಳಿಂದ ನಂಜನಗೂಡಿನ ಬಳಿಯ ಕಳಲೆಯಲ್ಲಿ ಶನಿವಾರದ ಪಾದ ತಪಾಸಣೆ ಶುರುಮಾಡುವರಂತೆ. ವಿಶ್ರಾಂತಿ ಪಡೆಯಿರಿ ಎಂದು ಹೇಳಿ ಹೇಳಿ ಸೋತಿದ್ದೇನೆ.

ಅವರು ನೂರು ವರ್ಷ ಬಾಳಲಿ. ಆ ನೂರು ವರ್ಷದೊಳಗೆ, ಹೇಳಿದ ಮಾತನ್ನು ಮೊದಲ ಸಲಕ್ಕೇ ಕೇಳುವ ಒಬ್ಬ ರೋಗಿಯೂ ಒಬ್ಬ ವೈದ್ಯನೂ ಅವರಿಗೆ ಸಿಗಲಿ.