ಜರ್ಮನಿಯಿಂದ ಬಂದ ರೀಲುಗಳು

ಮೂಡಲಗಿಯ ನಮ್ಮ ಫೋಟೋ ಸ್ಟುಡಿಯೊ ಮಾವನವರು ಕಟ್ಟಿದ್ದು. ಈಗ ಅದನ್ನು ನಡೆಸುವವರು ನಾನು ಮತ್ತು ಅವರ ಮಗ, ನಮ್ಮ ಮನೆಯವರು. ಮನೆಯವರು ಮದುವೆ, ಬಸುರಿಯರ ಕುಬಸ ಎಂದು ಊರೂರು ತಿರುಗಿ ಫೋಟೋ ತೆಗೆದು ತರುತ್ತಾರೆ. ನಾನು ಕಂಪ್ಯೂಟರಿನ ಮುಂದೆ ಕೂತು ಮುಖದ ಕಲೆ ತೆಗೆದು, ಬಣ್ಣ ಸರಿಮಾಡಿ, ಆಲ್ಬಮ್ ಹೊಂದಿಸುತ್ತೇನೆ. ಮಾವನವರು ಕೌಂಟರಿನಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಾರೆ. ಅವರ ಹಳೆಯ ರೀಲಿನ ಕ್ಯಾಮೆರಾ ಈಗಲೂ ಅವರ ಕಪಾಟಿನಲ್ಲಿದೆ. ಅದನ್ನು ಒರೆಸುವುದಕ್ಕೂ ಅವರು ನಮ್ಮ ಕೈಗೆ ಕೊಡುವುದಿಲ್ಲ.

ಆ ಕ್ಯಾಮೆರಾಕ್ಕೆ ಹಾಕಲು ರೀಲು ಸಿಗದಾಗಿ ಬಹಳ ದಿನವಾಗಿತ್ತು. ಗೋಕಾಕದಲ್ಲಿ ಕೇಳಿದರೆ ಅಂಗಡಿಯ ಹುಡುಗರು ಮೊಬೈಲಿನ ರೀಲ್ಸ್ ಎಂದುಕೊಂಡು ನಗುತ್ತಿದ್ದರು. ಒಮ್ಮೆ ಯಮಕನಮರಡಿಯ ಹೆಣ್ಣುಮಗಳೊಬ್ಬಳು ಸ್ಟುಡಿಯೊಕ್ಕೆ ಬಂದಳು. ಅವಳ ಮದುವೆಯ ಫೋಟೋ ತೆಗೆದವರು ಮಾವನವರೇ. ಈಗ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆಗೆ ಬಂದಿದ್ದಳು. ರೀಲಿನ ಮಾತು ಕೇಳಿದವಳೇ, "ಅಲ್ಲೆ ಸಿಗ್ತಾವ್ರಿ ಕಾಕಾ. ನಾ ಹೋದಮ್ಯಾಲ ಕಳಸ್ತೇನಿ," ಅಂದಳು. ಹೇಳಿದಂತೆ ಕಳಿಸಿಯೂ ಕಳಿಸಿದಳು. ಪಾರ್ಸಲ್ಲಿನ ಮೇಲೆ ಒಳಗೇನಿದೆ ಎಂದು ಬರೆಯುವ ಜಾಗದಲ್ಲಿ "ಫಿಲ್ಮ್" ಎಂದಷ್ಟೇ ಬರೆದಿದ್ದಳು. ಪಾರ್ಸಲ್ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ನಿಂತಿತು.

ಅಲ್ಲಿಂದ ನೋಟಿಸ್ ಬಂದ ದಿನ ನಾನು ಆಲ್ಬಮ್ ಪ್ರಿಂಟು ತರಲು ಗೋಕಾಕಕ್ಕೆ ಹೋಗಿದ್ದೆ. ಮನೆಯವರು ಹುಕ್ಕೇರಿಯಲ್ಲಿ ಒಂದು ಮದುವೆಯಲ್ಲಿದ್ದರು. ಇಂಗ್ಲಿಷ್ ಓದಲು ಬಾರದ ಮಾವನವರು ಅದನ್ನು ಹಿಡಿದುಕೊಂಡು ಬಾಜೂದ ಝೆರಾಕ್ಸ್ ಅಂಗಡಿಗೆ ಹೋದರು. ಮುಚ್ಚಿಡುವಂಥದ್ದು ಏನೂ ಇಲ್ಲವಲ್ಲ, ಹಾಗಾಗಿ ನಾಲ್ಕು ಜನರ ಮುಂದೆಯೇ, "ಏನ್ ಬರದಾರ ಓದಿ ಹೇಳಪಾ," ಅಂದರು.

ಝೆರಾಕ್ಸ್ ಅಂಗಡಿಯವನು ತನಗೆ ತಿಳಿದಷ್ಟನ್ನು ದೊಡ್ಡ ದನಿಯಲ್ಲಿ ಓದಿದ. ಸಿನಿಮಾ ಫಿಲ್ಮೋ ಬೇರೆಯೋ? ಎಕ್ಸ್‌ಪೋಸ್ಡೋ ಅಲ್ಲವೋ? ಎಕ್ಸ್‌ಪೋಸ್ಡ್ ಸಿನಿಮಾ ಆಗಿದ್ದರೆ ಸೆನ್ಸಾರ್ ಸರ್ಟಿಫಿಕೇಟ್ ಕೊಡಬೇಕು.

ನಮ್ಮ ಕಡೆ ಎಕ್ಸ್‌ಪೋಸ್ ಎಂದರೆ ಟಿವಿಯವರು ನಟಿಯರ ಬಗ್ಗೆ ಆಡುವ ಮಾತು, ಮೈ ತೋರಿಸುವುದು. ಝೆರಾಕ್ಸ್ ತೆಗೆಸಲು ನಿಂತಿದ್ದವರು ಒಬ್ಬರ ಮಾರಿ ಒಬ್ಬರು ನೋಡಿದರು. ಒಬ್ಬ ಕೇಳಿಯೇಬಿಟ್ಟ.

"ಏನ್ರಿ ಅಣ್ಣಾರ, ಈ ವಯಸ್ಸಿನ್ಯಾಗ ಪರದೇಶದಿಂದ ಎಂಥಾ ಪಿಚ್ಚರ್ ತರಸಾಕತ್ತೀರಿ?"

ಎಲ್ಲರೂ ನಕ್ಕರು. ಮಾತಿನ ಕುಹಕ ಅರ್ಥವಾಗದೆ ಮಾವನವರೂ ಅವರ ಜೊತೆ ನಕ್ಕರಂತೆ. ಇದನ್ನು ನನಗೆ ಆಮೇಲೆ ಹೇಳಿದವನು ಝೆರಾಕ್ಸ್ ಅಂಗಡಿಯವನೇ. ಮಾವನವರು ಹಾಗೆ ನಕ್ಕದ್ದನ್ನು ನೆನೆದರೆ ಈಗಲೂ ನನಗೆ ತಲೆ ಎತ್ತಲಾಗುವುದಿಲ್ಲ.

ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಸುದ್ದಿ ಓಣಿ ತುಂಬ ಹರಡಿತ್ತು. ಕಟ್ಟೆಯ ಮೇಲೆ ಕೂತ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಯಾಕೆಂದು ತಿಳಿಯದೆ ನಾನು ಸೀರೆ ಸರಿಯಾಗಿದೆಯೋ ಇಲ್ಲವೋ ಎಂದು ನೋಡಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಮನೆಯವರೂ ಬಂದರು. ಚಹಾದಂಗಡಿಯಲ್ಲಿ ಅವರಿಗೂ ಸುದ್ದಿ ಮುಟ್ಟಿತ್ತು. ಬಂದವರೇ ಊಟಕ್ಕೆ ಕೂತರು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಬಡಿಸುತ್ತಿದ್ದೆ. ಮನೆಯವರು ತಾಟು ನೋಡುತ್ತಲೇ ಕೇಳಿದರು.

"ಅಪ್ಪಾ, ಆ ಪಾರ್ಸಲ್‌ನ್ಯಾಗ ಖರೇನ ಏನೈತಿ?"

"ರೀಲು," ಅಂದರು ಮಾವನವರು.

"ಬರೇ ರೀಲು ಅಷ್ಟನ? ಬ್ಯಾರೆ ಏನೂ ತರಿಸಿಲ್ಲಲ್ಲ?"

ಮಾವನವರ ಬಾಯಿ ಒಂದಿಷ್ಟು ತೆರೆಯಿತು. ಅತ್ತೆಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ಪಲ್ಯದ ಸೌಟು ಹಿಡಿದಿದ್ದ ನಾನೂ ಅವರು ಏನು ಹೇಳುತ್ತಾರೋ ಎಂದು ಕಾಯುತ್ತಾ ನಿಂತೆ. ಮಾವನವರು ಅರ್ಧ ಉಂಡ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದರು.

"ಯಾರಿಗೆ ಕೇಳಾಕತ್ತಿ ನೀ? ಹಡದ ಅಪ್ಪಗ?" ಎಂದು ಅತ್ತೆ ಕೂಗಿದರು. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತ್ತು.

ಆಗ ನಾನು ಮಾವನವರಿಂದ ನೋಟಿಸ್ ಇಸಿದುಕೊಂಡು ಓದಿದೆ. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಹೊರದೇಶದ ಸಾಮಾನನ್ನು ಯಾವ ಸಾಲಿಗೆ ಸೇರಿಸಬೇಕು, ಎಷ್ಟು ಸುಂಕ ಹಾಕಬೇಕು ಎಂಬ ಲೆಕ್ಕಕ್ಕೆ ಕೇಳಿದ ಪ್ರಶ್ನೆಗಳು ಅವು. ಫೋಟೋದ ರೀಲಿಗೆ ಒಂದು ಸಾಲು, ಸಿನಿಮಾದ್ದಕ್ಕೆ ಇನ್ನೊಂದು. ಇನ್ನೂ ಬೆಳಕು ಕಾಣದ ಹೊಸ ರೀಲು ಬೇರೆ, ಚಿತ್ರ ತೆಗೆದಾದ ರೀಲು ಬೇರೆ. ಎಕ್ಸ್‌ಪೋಸ್ ಎಂದರೆ ರೀಲಿಗೆ ಬೆಳಕು ಬಿದ್ದದ್ದು, ಅಷ್ಟೇ. ಸ್ಟುಡಿಯೊದಲ್ಲಿ ಇಷ್ಟು ವರ್ಷ ದುಡಿದ ಮಗನಿಗೆ ಈ ಮಾತು ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಹಾದಂಗಡಿಯ ನಗೆಯಲ್ಲಿ ಮರೆತುಹೋಗಿತ್ತು. ನಾನು ಓದಿ ಹೇಳಿದಾಗ ಅವರು ಗೋಡೆಯ ಕಡೆ ಮುಖ ಮಾಡಿ ಕೂತರು.

ಮರುದಿನ ಮಮದಾಪುರದಿಂದ ಒಬ್ಬರು ಬಂದರು. ಅವರ ಮಗಳ ನಿಶ್ಚಯದ ಫೋಟೋ ನಮಗೇ ಒಪ್ಪಿಸಿದ್ದರು. ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ.

"ಮನ್ಯಾಗ ಹೆಣ್ಮಕ್ಕಳು ಬ್ಯಾಡ ಅನ್ನಾಕತ್ತಾರ್ರಿ. ಮೊಬೈಲ್‌ನ್ಯಾಗ ತಕ್ಕೋತೇವಿ," ಅಂದರು.

ಮಾವನವರು ಯಾಕೆ ಎಂದು ಕೇಳಲಿಲ್ಲ. "ಆಗಲಿ ಬಿಡ್ರಿ. ಕಾರ್ಯ ಛಲೋ ಆಗಲಿ," ಅಂದರು. ಬಂದವರು ಹೋದ ಮೇಲೆ ಒಳಗೆ ಹೋಗಿ ಮಲಗಿದರು. ಅಂದಿನಿಂದ ಕೌಂಟರಿಗೆ ಬರುವುದನ್ನು ಬಿಟ್ಟರು.

ನಾನು ಕಸ್ಟಮ್ಸ್‌ಗೆ ಉತ್ತರ ಬರೆದೆ. ನರ್ಸ್ ಹೆಣ್ಣುಮಗಳು ಕಳಿಸುವ ಮುಂಚೆ ತೆಗೆದಿದ್ದ ರೀಲಿನ ಡಬ್ಬಿಗಳ ಫೋಟೋವನ್ನೂ ಜೊತೆಗೆ ಹಾಕಿದೆ. ಕೆಲವು ದಿನಗಳಾದ ಮೇಲೆ ಅಲ್ಲಿಂದ ಅಧಿಕಾರಿಯೊಬ್ಬರು ಫೋನ್ ಮಾಡಿದರು, ಹೆಂಗಸು.

"ಸ್ಟಿಲ್ ಕ್ಯಾಮೆರಾ ರೀಲು ತಾನೇ ಮೇಡಂ? ಯೂಸ್ ಮಾಡಿಲ್ಲ ಅಲ್ವಾ? ಗಿಫ್ಟ್ ಆದ್ರೂ ಸುಂಕ ಬೀಳುತ್ತೆ. ಪಾರ್ಸಲ್ ತಂದುಕೊಡುವವರ ಕೈಲಿ ಕಟ್ಟಿ, ಸಾಕು."

ಒಳಗಿನಿಂದ ಕೇಳಿಸಿಕೊಂಡಿದ್ದ ಮಾವನವರು ಎದ್ದು ಬಂದು ಫೋನಿಗೆ ಬಾಯಿ ಹಚ್ಚಿದರು. "ಸುರುಳಿ ಎಳದು ನೋಡಬ್ಯಾಡ್ರಿ ಬಾಯಾರ! ಬೆಳಕ ಬಿದ್ರ ಎಲ್ಲಾ ಹಾಳಾಗ್ತೈತಿ."

"ಮುಟ್ಟಿಲ್ಲ ಸರ್," ಅಂದರು ಆಕೆ. ಎಷ್ಟೋ ದಿನದ ಮೇಲೆ ನಮ್ಮ ಮನೆಯ ಹಿರಿಯರನ್ನು ಒಬ್ಬರು ಮರ್ಯಾದೆಯಿಂದ ಮಾತಾಡಿಸಿದ್ದರು.

ಪಾರ್ಸಲ್ ಬಂದಾಗ ಮನೆಯವರು ಅದನ್ನು ಒಡೆದು ಝೆರಾಕ್ಸ್ ಅಂಗಡಿಗೆ ಹೊತ್ತೊಯ್ಯಲು ಹೊರಟರು. ಮಾವನವರು ಬಾಗಿಲಿಗೆ ಅಡ್ಡ ನಿಂತರು. "ನಾ ಯಾರಿಗೂ ಏನೂ ತೋರಸೂದಿಲ್ಲ. ಇಲ್ಲಿ ಕೊಡು."

ಮನೆಯವರಿಗೆ ಸಮಾಧಾನವಿರಲಿಲ್ಲ. ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಮದಾಪುರಕ್ಕೆ ಹೋದರು. ನಿಶ್ಚಯ ಮುಗಿದಿತ್ತು. ಕೆಲಸ ಕೇಳಲು ನಾವು ಹೋಗಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆವು. ಹುಡುಗಿಯ ತಂದೆ ಕೇಳುತ್ತ ಕೇಳುತ್ತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನನ್ನ ಮದವಿ ಫೋಟೋನೂ ಅವರ ತಗದಿದ್ರು. ಇನ್ನ ಅವರಿಗೆ ನಾ ಹೆಂಗ ಮಾರಿ ತೋರಸ್ಲಿ?" ಅಂದರು. ಚಹಾ ಕುಡಿಸದೆ ಕಳಿಸಲಿಲ್ಲ.

ವಾಪಸು ಬರುವಾಗ ಕಬ್ಬಿನ ಹೊಲದ ಬದಿಗೆ ಮನೆಯವರು ಬೈಕ್ ನಿಲ್ಲಿಸಿದರು. ಹ್ಯಾಂಡಲ್ ಹಿಡಿದುಕೊಂಡೇ ಹೇಳಿದರು.

"ಅವರು ಹೊರಗಿನವರು, ಮಂದಿ ಮಾತ ನಂಬಿದ್ರು. ನಾ ಮಗಾ. ಊಟಕ್ಕ ಕುಂತಲ್ಲೆ ಕೇಳೇನಿ ನೋಡು."

ಆ ಹೊತ್ತು ಸೌಟು ಹಿಡಿದು ಮಾವನವರ ಉತ್ತರಕ್ಕೆ ಕಾದು ನಿಂತವಳು ನಾನೂ ಅಲ್ಲವೇ.

ಮನೆಗೆ ಬಂದವರೇ ಅವರು ಅಪ್ಪನ ಮಂಚದ ಹತ್ತಿರ ನೆಲದ ಮೇಲೆ ಕೂತರು. "ತಪ್ಪಾತು ಅಪ್ಪಾ. ನಾ ಹಂಗ ಕೇಳಬಾರದಿತ್ತು."

ಮಾವನವರು ತಡೆದು ತಡೆದು ಮಾತಾಡಿದರು. "ನೀ ಕೇಳಿದ್ದು ಹೋಗಲಿ. ಇಲ್ಲಪಾ, ನಾ ಅಂಥಾವಲ್ಲ ಅಂತ ನಿನಗ ಹೇಳಾಕ ನಾ ಬಾಯಿ ತಗದಿದ್ದೆ. ಮಗನ ಮುಂದ ಸಾಕ್ಷಿ ಹೇಳಾಕ ಹೊಂಟಿದ್ನಲ್ಲ, ಅದರ ನಾಚಿಕಿ ನನಗ ಇನ್ನೂ ಹೋಗವಲ್ದು."

ಮನೆಯವರು ತಲೆ ತಗ್ಗಿಸಿದರು. ಮಾವನವರು ಅವರ ಹೆಗಲಿನ ಮೇಲೆ ಕೈಯಿಟ್ಟರು, ಆದರೆ ಮುಖ ಕಿಟಕಿಯ ಕಡೆಗೇ ಇತ್ತು. ಅತ್ತೆ ಅಡುಗೆಮನೆಯಿಂದ ಊಟಕ್ಕೆ ಕರೆದರು. ಇಬ್ಬರೂ ಎದ್ದು ಹೋಗಿ ಎದುರುಬದುರು ಕೂತು ತಾಟು ನೋಡುತ್ತಲೇ ಉಂಡರು.