ಒಂದು ಕವಳದಷ್ಟು ಹೊತ್ತು

ಚುನಾವಣೆ ಬಂತೆಂದರೆ ಸಿದ್ದಾಪುರ ಠಾಣೆಗೆ ಕೋವಿ ಒಪ್ಪಿಸುವುದು ನಮ್ಮ ಕಡೆಯ ರೈತರಿಗೆ ಹಬ್ಬದಷ್ಟೇ ಖಾಯಂ. ಮೊನ್ನೆ ನಾನೂ ಅಪ್ಪನ ಕಾಲದ ಕೇಪಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಗೋಡೆಗೆ ಒರಗಿಸಿದ್ದ ಹಳೇ ಕೋವಿಗಳಿಂದ ಕೊಬ್ಬರಿ ಎಣ್ಣೆ, ಸುಟ್ಟ ಮಸಿ ಎರಡೂ ಕೂಡಿದ ವಾಸನೆ ಬರುತ್ತಿತ್ತು. ಪಕ್ಕದಲ್ಲಿದ್ದ ಮುದುಕ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಾ, "ಒಂದು ಕವಳ ಹಾಕಾ, ಸಾಹೇಬ್ರು ಬರದು ತಡ" ಎಂದ. ಆ ವಾಸನೆ, ಆ ಸುಣ್ಣದ ಬೆರಳು... ಆಚೆಮನೆ ಮಾವ ಕಣ್ಣ ಮುಂದೆ ಬಂದು ನಿಂತ.

ಮಾವನೆಂದರೆ ನೆಂಟನಲ್ಲ, ಬೇಲಿಯಾಚೆಯ ಮನೆಯವನು. ಗದ್ದೆಗೆ ನುಗ್ಗುವ ಹಂದಿ ಹೆದರಿಸಲೆಂದು ಸರ್ಕಾರ ಲೈಸನ್ಸು ಕೊಟ್ಟಿತ್ತು. ಅವನು ಹೊಡೆದದ್ದು ಮಾತ್ರ ಜಿಂಕೆಯನ್ನು. ಕಾನೂನು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ನಮ್ಮೆಲ್ಲರ ನಾಲಿಗೆಯ ಚಪಲ ಅದಕ್ಕಿಂತ ದೊಡ್ಡದಿತ್ತು. ನಳಿಗೆಯ ಬಾಯಿಂದ ಮದ್ದಿನ ಮಸಿ ಸುರಿದು, ತೆಂಗಿನ ನಾರು ತುರುಕಿ, ಗಜದ ಸರಳಿನಿಂದ ಜಡಿದು, ಮೇಲೆ ತಾನೇ ಸೀಸ ಕಾಯಿಸಿ ಎರೆದ ಗೋಲಿಯಂಥ ಒಂದೇ ಗುಂಡು ಇಳಿಸುತ್ತಿದ್ದ. ಸಣ್ಣ ಕಾಳಿನಂಥ ಚರೆ ಹಾಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಚರೆ ತಿಂದ ಮಿಗ ಹುಳ ಬಿದ್ದು ಸಾಯ್ತದೆ. ಅದು ಬ್ಯಾಟೆ ಅಲ್ಲ, ಪಾಪ" ಎನ್ನುತ್ತಿದ್ದ. ಕೊಲ್ಲುವವನ ಬಾಯಲ್ಲಿ ಪಾಪದ ಮಾತು ಕೇಳಿ ನಾವು ನಗುತ್ತಿದ್ದೆವು.

ಅಂಥ ಕೋವಿಯಲ್ಲಿ ಎರಡನೇ ಈಡು ತುಂಬುವಷ್ಟರಲ್ಲಿ ಕಾಡೇ ಖಾಲಿಯಾಗಿರುತ್ತದೆ. ಅದಕ್ಕೇ ಮಾವನದೊಂದು ಕಟ್ಟಳೆ. ಈಡು ಹಾರಿದ ಮೇಲೆ ಯಾರೂ ಅಲುಗಾಡುವಂತಿಲ್ಲ. ಬೆನ್ನು ಹತ್ತಿದರೆ ಸಾಯುವ ಮಿಗವೂ ಎರಡು ಗುಡ್ಡ ದಾಟುತ್ತದೆ, ಬಿಟ್ಟರೆ ಅಲ್ಲೇ ಮಲಗುತ್ತದೆ. ಅವನು ಕೂತಲ್ಲೇ ಒಂದು ಕವಳ ಹಾಕಿ, ಸಾವಕಾಶ ಜಗಿದು, ಉಗಿದು, ಆಮೇಲೆ ಕೂ ಹಾಕುತ್ತಿದ್ದ. ಆಗ ನಾವು ಓಡುತ್ತಿದ್ದೆವು. ಪಕ್ಕೆಲುಬು ಮುರಿದು, ಮೂಗಿನಲ್ಲಿ ನೊರೆರಕ್ತ ಬರುತ್ತಾ, ಮಿಗ ಕಾಲು ಒದರುತ್ತಲೇ ಇರುತ್ತಿತ್ತು ಕೆಲವೊಮ್ಮೆ. ಕತ್ತಿ ಕುತ್ತಿಗೆಗೆ ಬೀಳುತ್ತಿತ್ತು. ಪೆಟ್ಟು ತಿಂದ ಜಿಂಕೆ ಥೇಟು ಮನುಷ್ಯರ ಹಾಗೇ ಒರಲುತ್ತದೆ. ಕೇಳಿ ಕೇಳಿ ನಮಗೆ ರೂಢಿಯಾಗಿತ್ತು.

ಮಾವನ ತಂಗಿಯ ಗಂಡ ಯಲ್ಲಾಪುರದ ಕಡೆಯವನು, ಮದುವೆಯಾದ ಹೊಸತು. ಹಬ್ಬಕ್ಕೆ ಬಂದವನು ತಾನೂ ಬ್ಯಾಟೆಗೆ ಬರುತ್ತೇನೆಂದು ಹಟ ಹಿಡಿದ. ಮಾವ ಅವನನ್ನು ಗುಡ್ಡದ ನೆತ್ತಿಯ ಮರದ ಬುಡದಲ್ಲಿ ಕೂರಿಸಿ, "ಭಾವ, ನಾ ಕೂ ಹಾಕೋ ತನಕ ಜಾಗ ಬಿಡಬ್ಯಾಡ" ಎಂದು ಬೆರಳು ತೋರಿಸಿ ಹೇಳಿದ್ದ. ತಾನು ಅಲ್ಲಿಂದ ಕೆಳಗೆ, ಮಿಗ ಹಾಯುವ ದಾರಿಯ ಪಕ್ಕ ಕೋವಿ ಹಿಡಿದು ಕೂತ. ನಾವು ನಾಲ್ಕಾರು ಜನ ನಾಯಿ ಬಿಟ್ಟುಕೊಂಡು ಕೆಳಗಿನಿಂದ ಹಳು ಬಡಿಯುತ್ತಾ ಹತ್ತಿದೆವು. ಜಿಂಕೆ ಎದ್ದು ಮೇಲಕ್ಕೆ ಓಡಿತು. ಈಡು ಹಾರಿತು. ಹೊಗೆ ಎದ್ದು ಮೇಲಿನದೇನೂ ಕಾಣದಾಯಿತು.

ಕಟ್ಟಳೆಯಂತೆ ನಾಯಿ ಹಿಡಿದು ನಿಂತೆವು. ಮೇಲಿನಿಂದ ಒರಲು ಕೇಳಿಸಿತು. ಬಿಟ್ಟು ಬಿಟ್ಟು, ಎಷ್ಟೋ ಹೊತ್ತು... "ಭಾರೀ ಗಂಡೇ ಇರಬೇಕು ಮಾರಾಯ" ಎಂದ ನನ್ನ ಪಕ್ಕದವನು. ಕೂಗು ಸಣ್ಣದಾಗುತ್ತಾ ಬಂದು ನಿಂತಿತು. ಆಮೇಲೆ ಮಾವನ ಕೂ ಬಂತು.

ಹೋಗಿ ನೋಡಿದರೆ ಜಿಂಕೆ ಬಿದ್ದಲ್ಲೇ ಸತ್ತಿತ್ತು. ಗುಂಡು ಅದರ ಕುತ್ತಿಗೆ ತೂರಿ ಹಿಂದಿನ ಪೊದೆಗೆ ಹೋಗಿತ್ತು. ಪೊದೆಯಲ್ಲಿ ಭಾವ ಇದ್ದ. ಓಡಿ ಬರುವ ಮಿಗವನ್ನು ಹತ್ತಿರದಿಂದ ನೋಡುವ ಆಸೆಗೆ ಮರದ ಬುಡ ಬಿಟ್ಟು ಇಳಿದಿದ್ದ. ತೊಡೆ ಸೀಳಿ ಮೂಳೆ ಬೆಳ್ಳಗೆ ಕಾಣುತ್ತಿತ್ತು. ಹಿಮ್ಮಡಿ ಉಜ್ಜಿ ಉಜ್ಜಿ ನೆಲದಲ್ಲಿ ಎರಡು ಗುಳಿ ಬಿದ್ದಿದ್ದವು. ಟವೆಲ್ಲು ಬಿಗಿಯಲು ನೋಡಿದ್ದ, ರಕ್ತಕ್ಕೆ ಕೈ ಜಾರಿ ಗಂಟು ಕೂತಿರಲಿಲ್ಲ. ಮೈ ಇನ್ನೂ ಬಿಸಿಯಿತ್ತು. ಜಿಂಕೆ ಪಿಟಕ್ಕೆನ್ನದೆ ಸತ್ತಿತ್ತು, ಒರಲಿದ್ದೆಲ್ಲ ಅವನೇ. ಮಾವ ಎರಡೂ ಕೈಯಿಂದ ಆ ಗಾಯ ಒತ್ತಿ ಹಿಡಿದ, ಬಿಡಿಸಿದರೂ ಬಿಡಲಿಲ್ಲ.

ಕಂಬಳಿಯಲ್ಲಿ ಹೊತ್ತು ತಂದು ಅಂಗಳದಲ್ಲಿ ಇಳಿಸಿದಾಗ ತಂಗಿ ಹೊರಗೆ ಬಂದಳು. ಹೆಣವನ್ನು ನೋಡಿದಳು. ಟವೆಲ್ಲಿನ ಅರೆಗಂಟು ನೋಡಿದಳು. ಆಮೇಲೆ ಅಣ್ಣನ ಮುಖ ನೋಡಿದಳು. ಅವನ ತುಟಿ ಕೆಂಪಗಿತ್ತು.

"ಕವಳ ಹಾಕ್ಕಂಡು ಕುಂತಿದ್ಯನಾ ಅಣ್ಣಾ?"

ಆ ದಿನದ ಅಷ್ಟೂ ರಕ್ತಕ್ಕಿಂತ ಆ ಮಾತು ನನ್ನನ್ನು ಇವತ್ತಿಗೂ ಹೆಚ್ಚು ಹೆದರಿಸುತ್ತದೆ.

ಕೇಸಾಯಿತು. ಮಾವ ಜೈಲಿಗೆ ಹೋಗಿ ಬಂದ. ತಂಗಿ ಅಣ್ಣನ ಮನೆಯಲ್ಲೇ ಉಳಿದಳು, ಬೇರೆಲ್ಲಿಗೆ ಹೋಗಬೇಕಿತ್ತು? ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಊಟವಾದ ಮೇಲೆ ದಿನವೂ ಕವಳದ ತಟ್ಟೆ ತಂದು ಅವನೆದುರು ಇಡುತ್ತಿದ್ದಳು. ಅವನು ಮುಟ್ಟುತ್ತಿರಲಿಲ್ಲ. ಎಲೆ ಬಾಡಿದ ಮೇಲೆ ಅವಳೇ ಎತ್ತಿಡುತ್ತಿದ್ದಳು. ಎಷ್ಟೋ ವರ್ಷ ಹೀಗೇ ನಡೆಯಿತು... ಯಾರೂ ನಡುವೆ ಬಾಯಿ ಹಾಕಲಿಲ್ಲ.

ಮಾವ ತೀರಿಕೊಂಡ ದಿನ ಹೆಣ ಎತ್ತುವ ಮುಂಚೆ ಅವಳು ಒಳಗಿಂದ ತಟ್ಟೆ ತಂದಳು. ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಿಸಿ ಅವನ ತುಟಿಗಳ ನಡುವೆ ಇಟ್ಟಳು. "ತಿನ್ನಾ ಅಣ್ಣಾ. ಈಗ ಎಂತದೂ ಅವಸರ ಇಲ್ಲ" ಎಂದಳು. ಅದು ಸಿಟ್ಟೋ ಕರುಣೆಯೋ ನನಗೆ ತಿಳಿಯಲಿಲ್ಲ. ನಾನು ಹೋ ಎಂದು ಅತ್ತುಬಿಟ್ಟೆ. ಇಬ್ಬರೂ ಈಗಿಲ್ಲ, ಬೇಲಿಯಾಚೆ ಗೋಡೆ ಬಿದ್ದ ಮನೆಯ ಪಂಚಾಂಗದ ಕಲ್ಲು ಮಾತ್ರ ಉಳಿದಿದೆ.

ಠಾಣೆಯಲ್ಲಿ ಮುದುಕನಿಗೆ ಬೇಡ ಎಂದೆ. ಅವನೊಬ್ಬನೇ ಹಾಕಿಕೊಂಡು ಜಗಿಯತೊಡಗಿದ. ಅಷ್ಟರಲ್ಲಿ ಹಿಂದಿನ ಓಣಿಯಲ್ಲೆಲ್ಲೋ ಕರು ಕೂಗಿತು. ಕರುವೇ ಎಂದು ಗೊತ್ತಿದ್ದೂ ಎದ್ದು ಹೋಗಿ ನೋಡಿ ಬಂದೆ.